ದುಡ್ಡು ಹೋದ ಮೊದಲ ಒಂದು ಗಂಟೆ: 1930ಕ್ಕೆ ಕರೆ ಮಾಡಿದ ಮೇಲೆ ಏನಾಗುತ್ತೆ?



2024ರ ಕೊನೆಯ ಹೊತ್ತಿಗೆ ನಮಗೆಲ್ಲ ಒಂದು ಕಾಟ ಶುರುವಾಗಿತ್ತು, ನೆನಪಿದ್ಯಾ? ಯಾರಿಗೆ ಫೋನ್ ಮಾಡಿದ್ರೂ ರಿಂಗ್ ಆಗೋ ಮುಂಚೆ ಸೈಬರ್ ವಂಚನೆ ಬಗ್ಗೆ ಒಂದು ಎಚ್ಚರಿಕೆ ಬರ್ತಿತ್ತು. ಅರ್ಜೆಂಟಾಗಿ ಮಾತಾಡ್ಬೇಕು ಅಂತ ಫೋನ್ ಮಾಡಿದವರು ಹಲ್ಲು ಕಚ್ಚಿಕೊಂಡು ಕೇಳ್ತಿದ್ರು. ತಿಂಗಳುಗಟ್ಟಲೆ ಬಂತು. ಅಷ್ಟು ಸಲ ಕೇಳಿದ ಮೇಲೂ, ಈ ಕಂತಿಗೆ ತಯಾರಿ ಮಾಡ್ಕೊಳ್ಳುವಾಗ ನಾನು ಪರಿಚಯದವರಿಗೆಲ್ಲ ಒಂದೇ ಪ್ರಶ್ನೆ ಕೇಳಿದೆ. "ಈಗ ನಿಮ್ಮ ಅಕೌಂಟಿಂದ ಐವತ್ತು ಸಾವಿರ ಹೋಯ್ತು ಅಂದ್ಕೊಳ್ಳಿ, ಮೊದಲು ಯಾರಿಗೆ ಫೋನ್ ಮಾಡ್ತೀರಾ?"

ಒಬ್ಬರು "ಬ್ಯಾಂಕಿಗೆ" ಅಂದ್ರು. ಇನ್ನೊಬ್ಬರು "100ಕ್ಕೆ" ಅಂದ್ರು. ಒಬ್ಬ ಗೆಳೆಯ "ಗೊತ್ತಿರೋ ಪೊಲೀಸ್ ಒಬ್ಬರಿದ್ದಾರೆ, ಅವರಿಗೆ" ಅಂದ. ಜಾಸ್ತಿ ಜನ ಹೇಳಿದ್ದು "ಗೂಗಲ್ ಮಾಡ್ತೀನಿ" ಅಂತ. 1930 ಅಂತ ತಡವರಿಸದೆ ಹೇಳಿದವರು ಬಹಳ ಕಡಿಮೆ.

ಈ "ಗೂಗಲ್ ಮಾಡ್ತೀನಿ" ಅನ್ನೋ ಉತ್ತರ ಕೇಳಿದಾಗ ನನಗೆ ನಿಜಕ್ಕೂ ಭಯ ಆಯ್ತು. ಯಾಕಂದ್ರೆ ಬ್ಯಾಂಕಿನ ಕಸ್ಟಮರ್ ಕೇರ್ ನಂಬರ್ ಅಂತ ಹುಡುಕಿದ್ರೆ ಸಿಗೋ ನಂಬರ್‌ಗಳಲ್ಲಿ ಕಳ್ಳರೇ ಹಾಕಿಟ್ಟ ನಂಬರ್‌ಗಳೂ ಇರ್ತವೆ. ಒಂದು ಸಲ ದುಡ್ಡು ಕಳಕೊಂಡು ಗಾಬರಿಯಲ್ಲಿ ಇರೋರು ಎರಡನೇ ಸಲ ಕಳ್ಳನಿಗೇ ಫೋನ್ ಮಾಡಿ "ಸರ್, ಸಹಾಯ ಮಾಡಿ" ಅನ್ನೋ ಪರಿಸ್ಥಿತಿ. ನಿಮ್ಮ ಬ್ಯಾಂಕಿನ ನಂಬರ್ ಬೇಕು ಅಂದ್ರೆ ಎಟಿಎಂ ಕಾರ್ಡ್ ತಿರುಗಿಸಿ ನೋಡಿ, ಹಿಂದೆಯೇ ಅಚ್ಚಾಗಿರುತ್ತೆ. ಪಾಸ್‌ಬುಕ್ಕಲ್ಲೂ ಸಾಮಾನ್ಯವಾಗಿ ಇರುತ್ತೆ.

ಸರಿ, ಈಗ 1930ಕ್ಕೆ ಬರೋಣ. ಈ ನಂಬರ್ ಇದೆ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಕರೆ ಮಾಡಿದ ಮೇಲೆ ಆ ಕಡೆ ಏನು ನಡೆಯುತ್ತೆ ಅಂತ ಯಾರೂ ಹೇಳಲ್ಲ. ಅದು ಗೊತ್ತಾದ್ರೆ ಯಾಕೆ ಓಡಿಹೋಗಿ ಫೋನ್ ಹಿಡೀಬೇಕು ಅನ್ನೋದೂ ಗೊತ್ತಾಗುತ್ತೆ.

ನಾನು ಬಿ.ಕಾಂ. ಓದಿದವಳು. ಮೊದಲ ವರ್ಷದ ಮೊದಲ ತಿಂಗಳಲ್ಲೇ ನಮಗೆ ಬಾಯಿಪಾಠ ಮಾಡಿಸಿದ್ದು, ಪಡೆಯುವವನ ಖಾತೆಗೆ ಡೆಬಿಟ್, ಕೊಡುವವನ ಖಾತೆಗೆ ಕ್ರೆಡಿಟ್ ಅಂತ. ಆಗ ಬೋರ್ ಹೊಡೀತಿತ್ತು. ಆದ್ರೆ ಆನ್‌ಲೈನ್ ವಂಚನೆ ಅರ್ಥ ಮಾಡ್ಕೊಳ್ಳೋಕೆ ಅದಕ್ಕಿಂತ ಒಳ್ಳೆ ಪಾಠ ಇಲ್ಲ. ದುಡ್ಡು ಆವಿಯಾಗಲ್ಲ. ನಿಮ್ಮ ಅಕೌಂಟಿಂದ ಹೋದ 50,000 ಆ ಕ್ಷಣಕ್ಕೆ ಇನ್ಯಾವುದೋ ಒಂದು ಅಕೌಂಟಲ್ಲಿ ಕೂತಿದೆ. ಆ ಅಕೌಂಟಿಗೂ ಒಂದು ಬ್ಯಾಂಕ್ ಇದೆ, ಒಂದು ಶಾಖೆ ಇದೆ, ಯಾರದ್ದೋ ಒಂದು ಆಧಾರ್, ಒಂದು ಪ್ಯಾನ್ ಇದೆ. ಕಳ್ಳ ಯಾವ ದೇಶದಲ್ಲಾದ್ರೂ ಕೂತಿರಲಿ, ದುಡ್ಡು ಮೊದಲು ಇಳಿಯೋದು ಬಹುತೇಕ ನಮ್ಮ ದೇಶದ್ದೇ ಒಂದು ಬ್ಯಾಂಕ್ ಖಾತೆಗೆ. ಅದು ಅಲ್ಲಿ ಕೂತಿರೋ ಹೊತ್ತಲ್ಲೇ ಹಿಡೀಬೇಕು. 1930ರ ಕೆಲಸ ಅಷ್ಟೇ.

ಹೇಗೆ ಹಿಡೀತಾರೆ? ನೀವು ಕರೆ ಮಾಡ್ತೀರಿ, ಆ ಕಡೆ ಇರೋರು ವಹಿವಾಟಿನ ವಿವರ ಕೇಳಿ ಒಂದು ಆನ್‌ಲೈನ್ ವ್ಯವಸ್ಥೆಗೆ ಹಾಕ್ತಾರೆ. ಈ ವ್ಯವಸ್ಥೆಗೆ ಬ್ಯಾಂಕ್‌ಗಳು, ವಾಲೆಟ್ ಕಂಪನಿಗಳು ಎಲ್ಲ ಸೇರಿಕೊಂಡಿವೆ. ನಿಮ್ಮ ದುಡ್ಡು ಯಾವ ಬ್ಯಾಂಕಿಗೆ ಹೋಗಿದೆಯೋ ಆ ಬ್ಯಾಂಕಿನವರ ಪರದೆ ಮೇಲೆ ನಿಮ್ಮ ದೂರು ಕಾಣಿಸುತ್ತೆ. ಅವರು ನೋಡ್ತಾರೆ, ಆ ಖಾತೆಯಲ್ಲಿ ದುಡ್ಡು ಇನ್ನೂ ಇದೆಯಾ? ಇದ್ರೆ ಅಷ್ಟು ಮೊತ್ತವನ್ನ ತಡೆಹಿಡೀತಾರೆ. ಬ್ಯಾಂಕ್ ಭಾಷೆಯಲ್ಲಿ ಇದಕ್ಕೆ ಲಿಯನ್ ಅಂತಾರೆ, ಅಂದ್ರೆ ದುಡ್ಡು ಆ ಖಾತೆಯಲ್ಲೇ ಇರುತ್ತೆ, ಆದ್ರೆ ಖಾತೆದಾರ ಮುಟ್ಟೋಕಾಗಲ್ಲ. ದುಡ್ಡು ಅಲ್ಲಿಂದ ಆಗಲೇ ಬೇರೆ ಬ್ಯಾಂಕಿಗೆ ಹೋಗಿದ್ರೆ, ಎಲ್ಲಿಗೆ ಹೋಯ್ತು ಅಂತ ಬರೆದು ದೂರನ್ನ ಆ ಬ್ಯಾಂಕಿಗೆ ದಾಟಿಸ್ತಾರೆ. ಅವರು ನೋಡ್ತಾರೆ, ಅಲ್ಲೂ ಇಲ್ಲ ಅಂದ್ರೆ ಮುಂದಿನ ಬ್ಯಾಂಕಿಗೆ. ದುಡ್ಡು ಮುಂದೆ, ದೂರು ಹಿಂದೆ, ಹಿಡಿಯೋ ಆಟ ಇದ್ದ ಹಾಗೆ.

ಈ ಯೋಚನೆಗೆ ಬೆಂಗಳೂರಿನ ನಂಟೂ ಇದೆ. 2020ರ ಡಿಸೆಂಬರಲ್ಲಿ ಬೆಂಗಳೂರು ನಗರ ಪೊಲೀಸರು, ಸೈಬರ್ ವಂಚನೆ ಆದ್ರೆ ಠಾಣೆಗೆ ಅಲೆಯೋದು ಬಿಟ್ಟು ಮೊದಲು ಕಂಟ್ರೋಲ್ ರೂಮಿಗೆ ಫೋನ್ ಮಾಡಿ, ಎರಡು ಗಂಟೆ ಒಳಗೆ ತಿಳಿಸಿದ್ರೆ ದುಡ್ಡು ತಡೆಯೋಕೆ ಪ್ರಯತ್ನ ಮಾಡ್ತೀವಿ ಅಂತ ಶುರು ಮಾಡಿದ್ರು. ಗೋಲ್ಡನ್ ಅವರ್ ಅನ್ನೋ ಮಾತು ಅಪಘಾತ, ಹೃದಯಾಘಾತದಿಂದ ದುಡ್ಡಿನ ವಿಷಯಕ್ಕೆ ಇಲ್ಲಿ ಬಂದಿದ್ದು ಆಗಲೇ. 2021ರ ಏಪ್ರಿಲಲ್ಲಿ ಕೇಂದ್ರ ಗೃಹ ಸಚಿವಾಲಯ ಇಡೀ ದೇಶಕ್ಕೆ 155260 ಅಂತ ಒಂದು ಸಹಾಯವಾಣಿ ತಂತು. ಆರು ಅಂಕಿ, ಅದೂ ಆ ನಂಬರ್! ಯಾರ ನಾಲಿಗೆ ಮೇಲೆ ನಿಲ್ಲುತ್ತೆ? ಆಮೇಲೆ 1930 ಆಯ್ತು. ಹಳೆ ನಂಬರ್ ಇರೋ ಪೋಸ್ಟರ್ ನಿಮ್ಮೂರಿನ ಬ್ಯಾಂಕಲ್ಲಿ ಇನ್ನೂ ಅಂಟಿಸಿದ್ರೆ ಮ್ಯಾನೇಜರಿಗೆ ಒಂದು ಮಾತು ಹೇಳಿ.

ಹಾಗಾದ್ರೆ ಅವಸರ ಯಾಕೆ? ಕಳ್ಳನಿಗೂ ಈ ಆಟ ಗೊತ್ತು. ದುಡ್ಡು ಮೊದಲು ಇಳಿಯೋ ಖಾತೆಗೆ ಮ್ಯೂಲ್ ಅಕೌಂಟ್ ಅಂತಾರೆ, ಬಾಡಿಗೆ ಖಾತೆ ಅಂದ್ಕೊಳ್ಳಿ. ಕಾಲೇಜು ಹುಡುಗರು, ಕೆಲಸ ಇಲ್ಲದವರು, ಕೂಲಿ ಮಾಡೋರು, ಇಂಥವರ ಹತ್ರ ಚೂರು ಕಮಿಷನ್ ಆಸೆ ತೋರಿಸಿ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಎಲ್ಲ ಇಸ್ಕೊಂಡಿರ್ತಾರೆ. ನಿಮ್ಮ 50,000 ಅಲ್ಲಿ ಬಂದ ಕೂಡಲೇ ಹತ್ತು ಹತ್ತು ಸಾವಿರ ಮಾಡಿ ಐದು ಖಾತೆಗೆ ಚೆಲ್ತಾರೆ. ಆ ಐದರಿಂದ ಇನ್ನಷ್ಟಕ್ಕೆ. ಮೂರ್ನಾಲ್ಕು ಮೆಟ್ಟಿಲು ದಾಟಿದ ಮೇಲೆ ಯಾವುದೋ ಊರಿನ ಎಟಿಎಮ್ಮಲ್ಲಿ ನಗದಾಗುತ್ತೆ, ಇಲ್ಲಾ ಕ್ರಿಪ್ಟೊ ಆಗುತ್ತೆ. ನಗದಾದ ಮೇಲೆ ಬ್ಯಾಂಕ್ ತಡೆಯೋಕೆ ಏನೂ ಉಳಿಯಲ್ಲ. ಯುಪಿಐ ನಮಗೆ ಎಷ್ಟು ವೇಗ ಕೊಟ್ಟಿದೆಯೋ ಅಷ್ಟೇ ವೇಗ ಅವರಿಗೂ ಕೊಟ್ಟಿದೆ. ಮೊದಲೆಲ್ಲ ಚೆಕ್ ಕ್ಲಿಯರ್ ಆಗೋಕೆ ದಿನಗಟ್ಟಲೆ ಬೇಕಿತ್ತು ಅಂತ ಬೈಕೊಳ್ತಿದ್ವಿ, ಈಗ ಅನ್ಸುತ್ತೆ, ಆ ನಿಧಾನದಲ್ಲೂ ಒಂದು ರಕ್ಷಣೆ ಇತ್ತು.

ಎರಡು ಘಟನೆ ಹೇಳ್ತೀನಿ. ಎರಡೂ ನಮ್ಮೂರಿನವೇ, ದಾವಣಗೆರೆಯವು. ಹೆಸರು ಬೇಡ.

ಮೊದಲನೆಯದು ಬ್ಲೌಸ್ ಹೊಲಿಯೋ ಅಂಗಡಿ ಇಟ್ಕೊಂಡಿರೋ ಒಬ್ಬ ಅಕ್ಕನದ್ದು. ಯಾರೋ "ಮದುವೆಗೆ ಆರ್ಡರ್ ಇದೆ, ಅಡ್ವಾನ್ಸ್ ಕಳಿಸ್ತೀವಿ" ಅಂತ ಹೇಳಿ ಕ್ಯೂಆರ್ ಕೋಡ್ ಕಳಿಸಿದ್ರು. ದುಡ್ಡು ಬರೋಕೆ ಕೋಡ್ ಸ್ಕ್ಯಾನ್ ಮಾಡೋದೂ ಬೇಡ, ಪಿನ್ ಹಾಕೋದೂ ಬೇಡ. ಇದು ಗೊತ್ತಿರೋ ವಿಷಯವೇ, ಆದ್ರೆ ಕೆಲಸದ ಗಡಿಬಿಡಿಯಲ್ಲಿ ಆ ಅಕ್ಕ ಎರಡು ಸಲ ಪಿನ್ ಒತ್ತಿದ್ರು. 42,000 ಹೋಯ್ತು. ತಕ್ಷಣ ಅಂಗಡಿಯಲ್ಲೇ ಕಿರುಚಿದ್ರಂತೆ. ಪಕ್ಕದ ಮೊಬೈಲ್ ಅಂಗಡಿ ಹುಡುಗ ಓಡಿ ಬಂದು 1930ಕ್ಕೆ ಫೋನ್ ಹಚ್ಚಿಕೊಟ್ಟ. ದುಡ್ಡು ಹೋಗಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. 38,000 ತಡೆಹಿಡಿದ್ರು.

ಎರಡನೆಯದು ನಮ್ಮ ಓಣಿಯ ಮೇಷ್ಟ್ರದ್ದು. ನಿವೃತ್ತರಾಗಿ ಎಂಟು ವರ್ಷ. ವಾಟ್ಸಾಪಲ್ಲಿ ಟ್ರಾಫಿಕ್ ದಂಡ ಕಟ್ಟಬೇಕು ಅಂತ ಒಂದು ಎಪಿಕೆ ಫೈಲ್ ಬಂತು, ಒತ್ತಿದ್ರು. ಮಧ್ಯಾಹ್ನ ನಾಲ್ಕೂವರೆ ಸುಮಾರಿಗೆ ಮೂರು ಸಲ ಮೆಸೇಜ್ ಬಂತು, ಒಟ್ಟು 1,86,000. ಮೇಷ್ಟ್ರಿಗೆ ಗೊತ್ತಾಯ್ತು. ಆದ್ರೆ ಯಾರಿಗೂ ಹೇಳಲಿಲ್ಲ. ಸಂಜೆ ವಾಕಿಂಗ್ ಹೋಗಿ ಬಂದ್ರು. ರಾತ್ರಿ ಊಟ ಮಾಡಿದ ಶಾಸ್ತ್ರ ಮಾಡಿದ್ರು. ಬೆಂಗಳೂರಲ್ಲಿರೋ ಮಗ ದಿನಾ ರಾತ್ರಿ ಫೋನ್ ಮಾಡ್ತಾನೆ, ಅವನ ಜೊತೆ ಮಳೆ ಬಗ್ಗೆ ಮಾತಾಡಿದ್ರು. ಬೆಳಿಗ್ಗೆ ಒಂಬತ್ತಕ್ಕೆ ಹೆಂಡತಿಗೆ ಹೇಳಿದ್ರು. ಮಗ 1930ಕ್ಕೆ ಕರೆ ಮಾಡುವಾಗ ಹದಿನೇಳು ಗಂಟೆ ಆಗಿತ್ತು. ತಡೆ ಸಿಕ್ಕಿದ್ದು 11,000ಕ್ಕೆ.

ಎರಡೂ ಕಡೆ ನಂಬರ್ ಒಂದೇ, ವ್ಯವಸ್ಥೆ ಒಂದೇ. ಮೇಷ್ಟ್ರು ಆ ಅಕ್ಕನಿಗಿಂತ ಜಾಸ್ತಿ ಓದಿದವರು. ಅಕ್ಕ ಕಿರುಚಿದ್ರು, ಮೇಷ್ಟ್ರಿಗೆ ಕಿರುಚೋಕೆ ಆಗಲಿಲ್ಲ, ಅಷ್ಟೇ ವ್ಯತ್ಯಾಸ. ನಲವತ್ತು ವರ್ಷ ಬೇರೆಯವರ ತಪ್ಪು ತಿದ್ದಿದವರು "ನಾನು ಮೋಸ ಹೋದೆ" ಅಂತ ಹೇಗೆ ಹೇಳ್ತಾರೆ? ಮಗ ಮೊದಲೇ "ಅಪ್ಪ, ಸಿಕ್ಕಿದ್ದೆಲ್ಲ ಒತ್ತಬೇಡಿ" ಅಂತ ಹತ್ತು ಸಲ ಹೇಳಿದ್ದನಂತೆ. ಆ ಹತ್ತು ಸಲ ಹೇಳಿದ್ದೇ ಹದಿನೇಳು ಗಂಟೆ ತಡ ಮಾಡಿಸ್ತು ಅಂತ ನನಗೆ ಅನ್ಸುತ್ತೆ.

ಹಾಗಾಗಿ ಮನೆಯಲ್ಲಿ ದೊಡ್ಡವರಿಗೆ ಎಚ್ಚರಿಕೆ ಹೇಳೋರು, ಅಂದ್ರೆ ನಮ್ಮ ವಯಸ್ಸಿನವರು, ಒಂದು ಮಾತು ಜಾಸ್ತಿ ಸೇರಿಸಿ. "ಒತ್ತಬೇಡಿ" ಅನ್ನೋದರ ಜೊತೆಗೆ "ಒತ್ತಿದ್ರೂ ಪರವಾಗಿಲ್ಲ, ಆ ನಿಮಿಷಕ್ಕೆ ನನಗೆ ಫೋನ್ ಮಾಡಿ, ನಾನು ಬೈಯಲ್ಲ" ಅಂತ. ಮತ್ತೆ ನಿಜವಾಗ್ಲೂ ಬೈಬೇಡಿ. ಫೋನಲ್ಲಿ ಮೊದಲ ಹತ್ತು ನಿಮಿಷ "ಎಷ್ಟು ಸಲ ಹೇಳಿದ್ದೆ" ಅಂತ ಕೂಗಾಡಿದ್ರೆ ಆ ಹತ್ತು ನಿಮಿಷದಲ್ಲಿ ದುಡ್ಡು ಎರಡು ಬ್ಯಾಂಕ್ ದಾಟಿರುತ್ತೆ.

ಕರೆ ಮಾಡುವಾಗ ಏನು ಕೈಯಲ್ಲಿರಬೇಕು? ಬ್ಯಾಂಕಿಂದ ಬಂದ ಎಸ್‌ಎಂಎಸ್ ತೆರೆದಿಟ್ಕೊಳ್ಳಿ. ಯಾವ ಬ್ಯಾಂಕ್, ಖಾತೆ ಸಂಖ್ಯೆ ಏನು, ಎಷ್ಟು ಹೋಯ್ತು, ಯಾವ ದಿನ ಎಷ್ಟು ಗಂಟೆಗೆ. ಎಲ್ಲಕ್ಕಿಂತ ಮುಖ್ಯ ವಹಿವಾಟು ಸಂಖ್ಯೆ. ಯುಪಿಐ ಆದ್ರೆ 12 ಅಂಕಿ ಇರುತ್ತೆ, ಫೋನ್‌ಪೇ, ಗೂಗಲ್ ಪೇ ಯಾವುದರಲ್ಲೇ ಕಳಿಸಿದ್ರೂ ಆ ವಹಿವಾಟು ತೆರೆದ್ರೆ ಕಾಣಿಸುತ್ತೆ. ಮೂರು ಸಲ ಹೋಗಿದ್ರೆ ಮೂರೂ ಸಂಖ್ಯೆ ಕೊಡಿ, ಒಂದನ್ನ ಬಿಟ್ರೆ ಅದು ಬಿಟ್ಟ ಹಾಗೇ. ಕಥೆ ಆಮೇಲೆ ಹೇಳಿ. "ನನ್ನ ತಂಗಿ ಮಗನ ನಾಮಕರಣ ಇತ್ತು, ಆಗ ಒಂದು ಕಾಲ್ ಬಂತು" ಅಂತ ಶುರು ಮಾಡೋದು ಸಹಜ, ಗಾಬರಿಯಲ್ಲಿ ಎಲ್ಲರೂ ಹಾಗೇ ಮಾಡ್ತಾರೆ. ಆದ್ರೆ ಆ ಕಡೆಯವರಿಗೆ ಆ ನಿಮಿಷಕ್ಕೆ ಬೇಕಿರೋದು ನಂಬರ್‌ಗಳು.

ಕರೆ ಮುಗಿದ ಮೇಲೆ ಒಂದು ಸ್ವೀಕೃತಿ ಸಂಖ್ಯೆ ಮೆಸೇಜ್ ಬರುತ್ತೆ. ಅಲ್ಲಿಗೆ ಮುಗೀತು ಅಂತ ಸುಮ್ಮನಾಗಬೇಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಅನ್ನೋ ಸರ್ಕಾರಿ ಪೋರ್ಟಲಲ್ಲಿ 24 ಗಂಟೆ ಒಳಗೆ ಪೂರ್ತಿ ದೂರು, ಸ್ಕ್ರೀನ್‌ಶಾಟು, ಕಳ್ಳ ಬಳಸಿದ ನಂಬರು ಎಲ್ಲ ಸೇರಿಸಿ ದಾಖಲು ಮಾಡ್ಬೇಕು. ಲೈನ್ ಸಿಗ್ತಾನೇ ಇಲ್ಲ ಅಂತ ಕೆಲವು ಕೇಳುಗರು ಬರೆದಿದ್ದೀರಿ. ಹೌದು, ಆ ದೂರು ನನಗೂ ಸುಮಾರು ಕಡೆಯಿಂದ ಬಂದಿದೆ. ಸಿಗದಿದ್ರೆ ಕಾಯ್ತಾ ಕೂರಬೇಡಿ, ಒಬ್ಬರು ಕರೆ ಮಾಡ್ತಾ ಇರಲಿ, ಇನ್ನೊಬ್ಬರು ಅದೇ ಹೊತ್ತಿಗೆ ಪೋರ್ಟಲಲ್ಲಿ ದೂರು ಹಾಕಲಿ. ನಮ್ಮ ರಾಜ್ಯದಲ್ಲಿ ಜಿಲ್ಲೆಗಳಲ್ಲಿ ಸೆನ್ ಠಾಣೆ ಅಂತ ಇದೆ, ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳಿಗೆ. ಅಲ್ಲಿಗೂ ಹೋಗಬಹುದು. ಆದ್ರೆ ಕರೆ ಮೊದಲು, ಠಾಣೆ ಆಮೇಲೆ.

ಅದರ ಜೊತೆಗೇ ನಿಮ್ಮ ಬ್ಯಾಂಕಿಗೂ ತಿಳಿಸಲೇಬೇಕು, ಇದು 1930ಕ್ಕೆ ಬದಲಿ ಅಲ್ಲ, ಜೊತೆ. ಇಲ್ಲಿ ರಿಸರ್ವ್ ಬ್ಯಾಂಕಿನ ಒಂದು ಸುತ್ತೋಲೆ ಗೊತ್ತಿರಬೇಕು, 2017ರ ಜುಲೈ 6ರದ್ದು. ನಿಮ್ಮ ತಪ್ಪೂ ಇಲ್ಲ, ಬ್ಯಾಂಕಿನ ತಪ್ಪೂ ಇಲ್ಲ, ನಡುವೆ ಎಲ್ಲೋ ಸೋರಿಕೆ ಆಗಿ ದುಡ್ಡು ಹೋಗಿದೆ ಅಂತಾದ್ರೆ, ಬ್ಯಾಂಕಿಂದ ಮಾಹಿತಿ ಬಂದ ಮೂರು ಕೆಲಸದ ದಿನದ ಒಳಗೆ ತಿಳಿಸಿದ್ರೆ ನಿಮ್ಮ ಹೊಣೆ ಸೊನ್ನೆ ಅಂತ ಅದರಲ್ಲಿದೆ. ನಾಲ್ಕರಿಂದ ಏಳು ದಿನ ಆದ್ರೆ ನಿಮ್ಮ ಹೊಣೆಗೆ ಒಂದು ಮಿತಿ ಇದೆ. ಏಳು ದಾಟಿದ್ರೆ ಬ್ಯಾಂಕಿನ ಸ್ವಂತ ನೀತಿ ಪ್ರಕಾರ. ನೀವೇ ಒಟಿಪಿ ಹೇಳಿದ್ರೆ, ಪಿನ್ ಕೊಟ್ಟಿದ್ರೆ ನಷ್ಟ ನಿಮ್ಮದೇ. ಆದ್ರೆ ಅಲ್ಲೂ ಒಂದು ಗೆರೆ ಇದೆ, ಅದನ್ನ ಯಾರೂ ಹೇಳಲ್ಲ. ನೀವು ಬ್ಯಾಂಕಿಗೆ ತಿಳಿಸಿದ ಮೇಲೂ ದುಡ್ಡು ಹೋದ್ರೆ ಆ ನಷ್ಟ ಬ್ಯಾಂಕಿನದ್ದು. ಹಾಗಾಗಿ ತಿಳಿಸಿದ ಸಮಯಕ್ಕೆ ಸಾಕ್ಷಿ ಬೇಕು. ಬ್ಯಾಂಕಿನವರು ದೂರಿನ ಸಂಖ್ಯೆ ಕೊಡದೆ "ನೋಡ್ತೀವಿ ಮೇಡಂ" ಅಂದ್ರೆ ಒಪ್ಕೋಬೇಡಿ. ಸಂಖ್ಯೆ ಇಸ್ಕೊಳ್ಳಿ, ಇಮೇಲ್ ಹಾಕಿ. 30 ದಿನ ಆದ್ರೂ ಉತ್ತರ ಬರದಿದ್ರೆ, ಬಂದ ಉತ್ತರ ಸರಿ ಇಲ್ಲದಿದ್ರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಖರ್ಚಿಲ್ಲ, ವಕೀಲರೂ ಬೇಡ. ಅದರ ಮಾಹಿತಿಗೆ ನಂಬರ್ 14448.

ಇನ್ನು ಕಹಿ ಭಾಗ. ತಡೆಹಿಡಿಯೋದು ಬೇರೆ, ವಾಪಸ್ ಬರೋದು ಬೇರೆ. ಬ್ಲೌಸ್ ಅಂಗಡಿಯ ಅಕ್ಕನ 38,000 ತಡೆ ಆಗಿದ್ದು ಅರ್ಧ ದಿನದಲ್ಲಿ, ಕೈಗೆ ಬಂದಿದ್ದು ಐದು ತಿಂಗಳ ಮೇಲೆ. ಬೇರೆಯವರ ಖಾತೆಯಲ್ಲಿರೋ ದುಡ್ಡನ್ನ "ಇದು ಇವರದ್ದು" ಅಂತ ಬ್ಯಾಂಕು ತಾನಾಗೇ ತೀರ್ಮಾನ ಮಾಡೋಕಾಗಲ್ಲ, ಸಾಮಾನ್ಯವಾಗಿ ಕೋರ್ಟ್ ಆದೇಶ ಬೇಕು. ಮೊದಲು ಸಿಆರ್‌ಪಿಸಿ 457 ಇತ್ತು, 2024ರ ಜುಲೈ 1ರಿಂದ ಬಂದ ಹೊಸ ಕಾನೂನಲ್ಲಿ, ಅಂದ್ರೆ ಬಿಎನ್‌ಎಸ್‌ಎಸ್‌ನಲ್ಲಿ, ಸೆಕ್ಷನ್ 503. ಆ ಅಕ್ಕ ಇದಕ್ಕಾಗಿ ಅಂಗಡಿ ಬಾಗಿಲು ಹಾಕಿಕೊಂಡು ಎಷ್ಟು ದಿನ ಓಡಾಡಿದ್ರೋ! 1930 ಬಗ್ಗೆ ಜಾಹೀರಾತು ಮಾಡೋರು ಈ ಐದು ತಿಂಗಳ ಬಗ್ಗೆಯೂ ಒಂದು ಸಾಲು ಹೇಳಬೇಕು ಅನ್ನೋದು ನನ್ನ ತಕರಾರು. ಕರೆ ಮಾಡೋ ಕೆಲಸವನ್ನ ಇಷ್ಟು ಸುಲಭ ಮಾಡಿದವರು ವಾಪಸ್ ಕೊಡೋ ದಾರಿಯನ್ನ ಯಾಕೆ ಇಷ್ಟು ಉದ್ದ ಇಟ್ಟಿದ್ದಾರೆ?

ಇನ್ನೊಂದು ಪೆಟ್ಟು ಬೀಳೋದು ಏನೂ ಅರಿಯದವರಿಗೆ. ಕದ್ದ ದುಡ್ಡಲ್ಲಿ ಯಾರೋ ಟೀ ಅಂಗಡಿಯಲ್ಲಿ ಇನ್ನೂರು ರೂಪಾಯಿ ಯುಪಿಐ ಮಾಡ್ತಾನೆ. ದೂರಿನ ಸರಪಳಿ ಅಲ್ಲಿಗೂ ಬರುತ್ತೆ. ಇನ್ನೂರು ತಡೆಹಿಡಿಯೋ ಬದಲು ಕೆಲವು ಸಲ ಇಡೀ ಖಾತೆಯನ್ನೇ ಫ್ರೀಜ್ ಮಾಡಿಬಿಡ್ತಾರೆ. 2023ರಲ್ಲಿ ಕೇರಳದ ಸಣ್ಣ ವ್ಯಾಪಾರಿಗಳು ಇದೇ ವಿಷಯಕ್ಕೆ ಹೈಕೋರ್ಟ್ ಮೆಟ್ಟಿಲು ಹತ್ತಿದ್ರು. ವಿವಾದದಲ್ಲಿರೋ ಮೊತ್ತ ಎಷ್ಟೋ ಅಷ್ಟನ್ನೇ ತಡೀಬೇಕು, ಉಳಿದಿದ್ದು ಬಿಡಬೇಕು ಅನ್ನೋದು ಲೆಕ್ಕ ಕಲಿತ ಯಾರಿಗೂ ಅರ್ಥ ಆಗೋ ವಿಷಯ. ನಿಮ್ಮ ಖಾತೆಗೆ ಹೀಗಾದ್ರೆ, ಯಾವ ರಾಜ್ಯದ ಯಾವ ಠಾಣೆಯಿಂದ, ಯಾವ ದೂರಿನ ಸಂಖ್ಯೆ ಮೇಲೆ ಅಂತ ಬ್ಯಾಂಕಿಂದ ಬರವಣಿಗೆಯಲ್ಲಿ ತಗೊಳ್ಳಿ. ಅದಿಲ್ಲದೆ ಮುಂದಿನ ಹೆಜ್ಜೆ ಇಡೋಕಾಗಲ್ಲ.

ಈಗ ಸ್ವಲ್ಪ ಭಾರವಾದ ವಿಷಯ. ಮನಸ್ಸು ಸರಿ ಇಲ್ಲ ಅನ್ನೋರು ಈ ಭಾಗ ಆಮೇಲೆ ಯಾರದ್ದಾದ್ರೂ ಜೊತೆ ಕೂತು ಕೇಳಿ.

ಡಿಜಿಟಲ್ ಅರೆಸ್ಟ್ ಅನ್ನೋದು ನಿಮಗೆಲ್ಲ ಗೊತ್ತು. ಪೊಲೀಸ್ ಅಂತ, ಸಿಬಿಐ ಅಂತ, ಟೆಲಿಕಾಂ ಇಲಾಖೆ ಅಂತ ವಿಡಿಯೊ ಕಾಲ್ ಮಾಡಿ, ನಿಮ್ಮ ಹೆಸರಲ್ಲಿ ಅಪರಾಧ ಆಗಿದೆ, ಕ್ಯಾಮೆರಾ ಮುಂದಿಂದ ಏಳಬೇಡಿ, ಯಾರಿಗೂ ಹೇಳಬೇಡಿ ಅಂತ ದಿನಗಟ್ಟಲೆ ಕೂರಿಸ್ತಾರೆ. ಇಂಥ ಬಂಧನ ನಮ್ಮ ಯಾವ ಕಾನೂನಲ್ಲೂ ಇಲ್ಲ. 2024ರ ಅಕ್ಟೋಬರ್ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೇ ಇದನ್ನ ಹೇಳಿ 1930ರ ಹೆಸರು ಎತ್ತಿದ್ರು. ಆದ್ರೂ ನಿಂತಿಲ್ಲ. 2025ರ ಮಾರ್ಚಲ್ಲಿ ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಲ್ಲಿ ಇಂಥವರ ಕಾಟಕ್ಕೆ ಸಿಕ್ಕಿ ಲಕ್ಷಾಂತರ ರೂಪಾಯಿ ಕಳಕೊಂಡ ವೃದ್ಧ ದಂಪತಿ ಪ್ರಾಣ ಕಳಕೊಂಡ್ರು. ಅವರನ್ನ ಆವತ್ತು ಮಾತಾಡಿಸೋರು ಒಬ್ಬರು ಸಿಕ್ಕಿದ್ರೆ ಅಂತ ಸುದ್ದಿ ಓದಿದ ದಿನ ನನಗೆ ಅನ್ನಿಸ್ತಾ ಇತ್ತು.

"ಯಾರಿಗೂ ಹೇಳಬೇಡಿ" ಅನ್ನೋದೇ ಆ ವಂಚಕರ ಬಂಡವಾಳ. ದುಡ್ಡು ಹೋದ ಮೇಲೂ ಆ ಮಾತು ತಲೆಯಲ್ಲಿ ಉಳಿಯುತ್ತೆ. ಹೀಗಾಗಿ 1930ರ ಜೊತೆ ಇನ್ನೊಂದು ನಂಬರ್ ಬರೆದಿಟ್ಕೊಳ್ಳಿ, 14416. ಇದು ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ. 2022ರ ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ ಶುರುವಾಯ್ತು. ನಮ್ಮ ನಿಮ್ಹಾನ್ಸೇ ಇಡೀ ದೇಶಕ್ಕೆ ಇದರ ಮುಖ್ಯ ಕೇಂದ್ರ, ತಾಂತ್ರಿಕ ಕೆಲಸಕ್ಕೆ ನಮ್ಮ ಬೆಂಗಳೂರಿನದೇ ಐಐಐಟಿ. ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡ್ತಾರೆ, ಬೇಕು ಅನ್ಸಿದ್ರೆ ಮನೋವೈದ್ಯರಿಗೆ ಸಂಪರ್ಕ ಕೊಡ್ತಾರೆ. "ನನಗೇನು ಹುಚ್ಚಾ, ಅಲ್ಲಿಗ್ಯಾಕೆ ಫೋನ್ ಮಾಡಲಿ" ಅಂತ ಮೇಷ್ಟ್ರೂ ಅಂದಿದ್ರು. ನಿದ್ದೆ ಬರ್ತಿಲ್ಲ, ದುಡ್ಡಿನದ್ದೇ ಯೋಚನೆ, ಮುಖ ತೋರಿಸೋಕೆ ನಾಚಿಕೆ, ಇಷ್ಟಿದ್ರೆ ಸಾಕು, ಆ ಕರೆಗೆ ಕಾರಣ ಇದೆ. ಕೊನೆಗೆ ಮಗ ತಾನೇ ಡಯಲ್ ಮಾಡಿ, ಫೋನ್ ಅಪ್ಪನ ಕೈಗೆ ಕೊಟ್ಟು, ಹೊರಗೆ ಹೋಗಿ ಬಾಗಿಲು ಎಳೆದ. ಮುಕ್ಕಾಲು ಗಂಟೆ ಮಾತಾಡಿದ್ರಂತೆ. ಏನು ಮಾತಾಡಿದ್ರು ಅಂತ ಮನೆಯವರೂ ಕೇಳಿಲ್ಲ, ನಾನೂ ಕೇಳಿಲ್ಲ.

ಯಾರಾದ್ರೂ ಜೀವಕ್ಕೆ ಅಪಾಯ ಮಾಡ್ಕೊಳ್ಳೋ ಹಾಗೆ ಕಂಡ್ರೆ ಅವರನ್ನ ಒಬ್ಬರೇ ಬಿಡಬೇಡಿ. ತಕ್ಷಣ 112. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ, ಎಲ್ಲಕ್ಕೂ ಈಗ ಅದೊಂದೇ ನಂಬರ್.

ಉಳಿದ ನಂಬರ್‌ಗಳ ಬಗ್ಗೆ ಸುಮಾರು ಜನ ಕೇಳಿದ್ದೀರಿ. ಮಕ್ಕಳ ಸಹಾಯವಾಣಿ 1098 ಹಾಗೇ ಇದೆ. 1996ರಲ್ಲಿ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಿಂದ ಶುರುವಾಗಿದ್ದು, 2023ರಿಂದ ಸರ್ಕಾರವೇ ನೋಡ್ಕೊಳ್ತಿದೆ, 112ರ ಜೊತೆ ಜೋಡಿಸಿದ್ದಾರೆ. ಮಹಿಳೆಯರಿಗೆ 181, ಹಿರಿಯ ನಾಗರಿಕರಿಗೆ 14567. ಗ್ರಾಹಕರ ದೂರಿಗೆ 1915. ನನಗಂತೂ ಈ ಪಟ್ಟಿ ಕಂಡ್ರೆ ಸುಸ್ತಾಗುತ್ತೆ. ಪ್ರತಿ ಇಲಾಖೆಗೂ ಒಂದೊಂದು ನಂಬರ್ ಕೊಡೋದು ಇಲಾಖೆಗೆ ಅನುಕೂಲ, ಅಳ್ತಾ ಕೂತಿರೋ ಮನುಷ್ಯನಿಗಲ್ಲ. ಎಲ್ಲ ನೆನಪಿಡಬೇಡಿ. ಜೀವಕ್ಕೆ 112, ದುಡ್ಡಿಗೆ 1930, ಮನಸ್ಸಿಗೆ 14416. ಈ ಮೂರನ್ನ ಅಪ್ಪ ಅಮ್ಮನ ಫೋನಲ್ಲಿ ಸೇವ್ ಮಾಡಿ. ಹೆಸರು ಕನ್ನಡದಲ್ಲೇ ಇರಲಿ, "ದುಡ್ಡು ಹೋದರೆ" ಅಂತಲೇ ಇಡಿ. ಸೈಬರ್ ಹೆಲ್ಪ್‌ಲೈನ್ ಅಂತ ಸೇವ್ ಮಾಡಿದ್ರೆ ಗಾಬರಿಯಲ್ಲಿ ಅವರಿಗೆ ಸಿಗಲ್ಲ.

ಮುಗಿಸೋ ಮುಂಚೆ ಕೇಳುಗರ ಎರಡು ಪ್ರಶ್ನೆ. "900 ರೂಪಾಯಿ ಹೋಗಿದೆ, ಇಷ್ಟಕ್ಕೆಲ್ಲ ಕರೆ ಮಾಡಬಹುದಾ?" ಖಂಡಿತ ಮಾಡಿ. ನಿಮ್ಮ 900 ಹೋದ ಖಾತೆಗೇ ಇನ್ನೊಬ್ಬರ ಒಂಬತ್ತು ಲಕ್ಷ ಬರ್ತಾ ಇರಬಹುದು. ನಿಮ್ಮ ದೂರಿಂದ ಆ ಖಾತೆ ಮೊದಲೇ ಗುರುತಾದ್ರೆ ಅವರದ್ದು ಉಳಿಯುತ್ತೆ.

ಎರಡನೆಯದು, ಹಾವೇರಿಯಿಂದ ಒಬ್ಬರು ಬರೆದಿದ್ದಾರೆ. "ದೂರು ಕೊಟ್ಟ ಮೂರು ದಿನಕ್ಕೆ ಸೈಬರ್ ಪೊಲೀಸ್ ಅಂತ ಫೋನ್ ಬಂತು, ನಿಮ್ಮ ದುಡ್ಡು ಸಿಕ್ಕಿದೆ, ಬಿಡಿಸೋಕೆ 4,500 ಶುಲ್ಕ ಕಟ್ಟಿ ಅಂತಿದ್ದಾರೆ, ಕಟ್ಟಲಾ?" ಕಟ್ಟಬೇಡಿ ಸರ್. ಕಳಕೊಂಡವರ ಪಟ್ಟಿಯೂ ಮಾರಾಟ ಆಗುತ್ತೆ, ಅದನ್ನ ಇಟ್ಕೊಂಡು ಎರಡನೇ ಸಲ ಬರ್ತಾರೆ. ದುಡ್ಡು ವಾಪಸ್ ಕೊಡೋಕೆ ಪೊಲೀಸರೂ ಶುಲ್ಕ ಕೇಳಲ್ಲ, 1930ರವರೂ ಕೇಳಲ್ಲ, ಒಟಿಪಿಯನ್ನಂತೂ ಯಾರೂ ಕೇಳಲ್ಲ. ಬಂದ ಆ ನಂಬರನ್ನೂ ನಿಮ್ಮ ಹಳೆ ದೂರಿನ ಸ್ವೀಕೃತಿ ಸಂಖ್ಯೆ ಇಟ್ಕೊಂಡು ಸೆನ್ ಠಾಣೆಯಲ್ಲಿ ಕೊಡಿ.

ಮುಂದಿನ ವಾರ ಈ ಬಾಡಿಗೆ ಖಾತೆಗಳ ಬಗ್ಗೆ ಮಾತಾಡೋಣ. ಐದು ಸಾವಿರದ ಆಸೆಗೆ ಪಾಸ್‌ಬುಕ್ ಕೊಟ್ಟ ಹುಡುಗರಿಗೆ ಆಮೇಲೆ ಏನಾಗುತ್ತೆ ಅಂತ. ನಿಮ್ಮ ಕಾಲೇಜಲ್ಲಿ, ಹಾಸ್ಟೆಲಲ್ಲಿ ಯಾರಾದ್ರೂ ಹೀಗೆ ಕೇಳಿಕೊಂಡು ಬಂದಿದ್ರೆ ಬರೆದು ಕಳಿಸಿ, ಹೆಸರು ಹೇಳಲ್ಲ.